ಉದ್ರಿ ವಹಿಯ ಹನ್ನೊಂದು ಮಂದಿ

ನಲವತ್ತೇಳರಾಗ ಗಂಟು ಕಟ್ಟಿದ ಸಾರ್ಜೆಂಟ್ ಒಬ್ಬಾಂವ
ಮೂರು ತಿಂಗಳ ಬ್ರೆಡ್ಡಿನ ಬಾಕಿ ತೀರಿಸದ
ಒಂದು ತೆಳ್ಳನ ಪುಸ್ತಕ ಕೊಟ್ಟು ರೈಲು ಹತ್ತಿದ.
ಕ್ಯಾಂಪಿನ ಬೇಕರಿಯ ಇನಾಸ ಮಾಮಾಗ ಆಗ ಹದಿಮೂರು.
ಪುಸ್ತಕದ ಮ್ಯಾಲೆ ಥಾರ್ಲ್‌ಬಿ ಟೌನ್ ಅಂತ ಹೆಸರು,
ಒಳಗ ಕಂದು ಪಟ್ಟಿಯ ಅಂಗಿ ತೊಟ್ಟ ಹನ್ನೊಂದು ಮಂದಿ
ಯಾರೋ ಸತ್ತಾರ ಅನ್ನೂಹಂಗ ಕೈ ಕಟ್ಟಿ ಕುಂತಿದ್ರು.

ಅಷ್ಟ. ಅಲ್ಲಿಂದ ಅಂವ ಆ ಕಡೆಯಾಂವ.

ಇಟ್ಟಂಗಿ ಭಟ್ಟಿಯ ಹುಡುಗರು ಹುಟ್ಟಿಸಿದ ಕ್ಲಬ್ಬಂತ,
ಮೈದಾನದ ಮಗ್ಗಲಕ್ಕ ಕಾಲುವೆ,
ಬಿದ್ದ ಚೆಂಡು ತೆಗೀಲಿಕ್ಕೆ ಪಗಾರದ ದೋಣಿಯವ ಒಬ್ಬ,
ಕಪ್ಪು ಗೆದ್ದದ್ದು ಒಮ್ಮೆ, ಒಮ್ಮೆ ಮಾತ್ರ.
ಹಿಟ್ಟು ನಾದಿಕೋತ ಹೇಳತಿದ್ದ,
ಕಾಲುವೆ ಅಂದಾಗೊಮ್ಮೆ ಇನ್ನೊಂದು ಬೊಗಸಿ ನೀರು ಸುರೀತಿದ್ದ.

ಶನಿವಾರ ರಾತ್ರಿ ಒಲಿ ಹೊತ್ತಿಸೂಕಿಂತ ಮೊದಲು
ರೇಡಿಯೋದ ಕಿವಿ ಹಿಂಡಿ ಕುಂದರಾಂವ.
ಕೊರ್ ಕೊರ್ ಅನ್ನೂ ಸಮುದ್ರದೊಳಗಿಂದ
ಅಪರೂಪಕ್ಕ ಒಂದೊಂದು ಹೆಸರು ತೇಲಿ ಬರತಿತ್ತು.
ಕೇಳಿಸಿದಂಗ ಬರಿಯಾಂವ, ಕನ್ನಡದಾಗ, ಉದ್ರಿ ವಹಿಯೊಳಗ:
ಎಡಗಡೆ ಪುಟಕ್ಕ ಯಾರು ಎಷ್ಟು ಪಾವು ಒಯ್ದಾರ,
ಬಲಗಡೆ ಪುಟಕ್ಕ ಯಾರು ಎಲ್ಲಿ ಆಡತಾರ.
ಗೋಲಿ: ವಿಟ್ಲಿ. ಎಡ ಬ್ಯಾಕು: ಪಿಕರಡ.
ಬಲ ಬ್ಯಾಕು: ಮಸಗುಪ್ಪಿ.

ಮಸಗುಪ್ಪಿ ನಮ್ಮ ಗೋಕಾವಿ ಕಡೆ ಊರಲ್ಲೇನೋ,
ನನ್ನ ಅಜ್ಜ ನಕ್ಕ.
ಇರಲಿ ಬಿಡು, ಅಂದ ಇನಾಸ ಮಾಮಾ,
ಯಾರ ಬೇರು ಎಲ್ಲಿರತದೋ ಯಾಂವ ಬಲ್ಲ.

ಎಪ್ಪತ್ತೆರಡರಾಗ ಕ್ಲಬ್ಬು ಒಂದು ಮೆಟ್ಟಲ ಇಳೀತು.
ಎಪ್ಪತ್ತೈದರಾಗ ಇನ್ನೊಂದು.
ಇಳಿದವರ ಹೆಸರು ರೇಡಿಯೋ ಕರಿಯೂದಿಲ್ಲ.
ಆದರೂ ಶನಿವಾರ ಬಂತಂದ್ರ ವಹಿ ತಗೀತಿದ್ದ,
ಅದ ಹನ್ನೊಂದು ಮಂದಿ, ಅದ ಸಾಲು,
ಎರಡು ವರ್ಷ.
ಆಮ್ಯಾಲೆ ಒಂದಿನ ಪೆನ್ಸಿಲ್ ಕಚ್ಚಿಕೋತ ಅಂದ:
ಮಸಗುಪ್ಪಿಗೂ ವಯಸ್ಸಾಗಿರಬೇಕಲ್ಲ, ಮೊಣಕಾಲು ಹೋಗಿರಬೇಕು.
ಅವನ ಜಾಗಾಕ್ಕ ದಸ್ತಗೀರ ಸನದಿ ಬಂದ,
ಲೇಲೆ ಮೈದಾನದಾಗ ಬರಿಗಾಲಿಲೆ ಆಡೂ ಹುಡುಗ.
ಪಿಕರಡನ ಜಾಗಾಕ್ಕ ಸಾತೇರಿ ಕಾಕತಕರ:
ನಲವತ್ತೆರಡು ಪಾವು ಬಾಕಿ ಅದಾವ,
ಎಲ್ಲಿ ಓಡಿ ಹೋಗತಾನ, ಡಿಫೆನ್ಸಿಗೆ ಲಾಯಕ್ಕು.

ಹಿಂಗ ಒಬ್ಬೊಬ್ಬರ ಸಮುದ್ರ ದಾಟಿದ್ರು,
ಅವರಿಗೇ ಗೊತ್ತಿಲ್ಲದ.

ನಾನು ಚೆಂಡು ಹೆಕ್ಕೂ ಹುಡುಗಿ.
ಒಂದು ಸಂಜಿ ಗೋಲಿ ನಿಂದರಾಂವ ಮಿರಜಿಗೆ ಮದವಿಗೆ ಹೋಗಿದ್ದ.
ಎರಡು ಪಾವಿನ ಬುಟ್ಟಿ ಇಟ್ಟು, ನಡುವ ನನ್ನ ನಿಂದರಿಸಿದ್ರು.
ದಸ್ತಗೀರ ಒದ್ದ ಚೆಂಡು ಹೊಟ್ಟಿಗೇ ಬಂತು.
ಗೋಲಾಗಲಿಲ್ಲ.
ಎರಡು ದಿನ ನನಗ ರೊಟ್ಟಿ ಇಳೀಲಿಲ್ಲ.
ಎಲ್ಲಾರೂ ಚಪ್ಪಾಳಿ ಹೊಡದ್ರು, ಇನಾಸ ಮಾಮಾ ಹೊಡೀಲಿಲ್ಲ.
ಕೈ ಮುಂದ ತರಬೇಕಿತ್ತು, ಅಂದ.

ಹೋದ ತಿಂಗಳ ಅಂವ ತೀರಿಕೊಂಡ ಮ್ಯಾಲೆ
ಮಗಳು ಫಿಲು ರದ್ದಿ ತೂಗಸಾಕತ್ತಿದ್ಲು.
ತಕ್ಕಡಿಯಿಂದ ಆ ವಹಿ ಎತ್ತಿಕೊಂಡೆ,
ಎಂಟು ರೂಪಾಯಿಯದಂತ, ಕೊಟ್ಟೆ.
ಎಪ್ಪತ್ತೊಂಬತ್ತರ ಪುಟ. ಇಲಿ ತಿಂದ ಮೂಲಿ.
ವಿಟ್ಲಿ ಅನ್ನೂದರ ಮ್ಯಾಲೆ ಒಂದು ಗೆರಿ,
ಬಾಜೂಕ: ರೇವಾ ತಳವಾರ.
ಎದುರಿನ ಪುಟದಾಗ ನಮ್ಮವ್ವನ ಹದಿನೇಳು ಪಾವು.
ಹೆಸರೂ ಹೊಡದಿಲ್ಲ, ಬಾಕೀನೂ ಹೊಡದಿಲ್ಲ.

ಮೊಮ್ಮಗ ಮೊಬೈಲಿನಾಗ ಹುಡುಕಿ ಕೊಟ್ಟ.
ಕ್ಲಬ್ಬು ಇನ್ನೂ ಅದ, ಆರನೇ ಮೆಟ್ಟಲದಾಗ,
ಕಂದು ಅಂಗಿ ಈಗ ಚಾಕಲೇಟ್ ಬಣ್ಣ,
ಕಾಲುವೆ ಇದ್ದಲ್ಲಿ ಗಾಡಿ ನಿಂದರಸೂ ಜಾಗಾ.
ಹೆಸರುಗಳ ಪಟ್ಟಿ ಬೆರಳಿಲೆ ಮ್ಯಾಲ ಕೆಳಗ ಜಗ್ಗಿ ನೋಡಿದೆ,
ನಮ್ಮವರು ಯಾರೂ ಇರಲಿಲ್ಲ.

ನಿನ್ನೆ ಸೊನ್ನಿ-ಮೂರು ಸೋತಾರ.
ಮೊದಲ ಗೋಲು ಎರಡು ಸಲ ಹಾಕಿಸಿ ನೋಡಿದೆ.
ಆ ಗೋಲಿ ಹುಡುಗ, ಇಪ್ಪತ್ತು ಇರಬಹುದು,
ಕೈ ಮುಂದ ತರಲಿಲ್ಲ.