ಏಳು ಬೈ ಒಂಬತ್ತು

ನನ್ನ ಟೇಪು ನನ್ನ ಕೇಳದೇ ಒಯ್ದು
ಖೋಲಿ ಅಳದಾಳ ಮಿತ್ರಾ.
ಏಳು ಫೂಟು, ಒಂಬತ್ತು ಫೂಟು. ಅದರಾಗ
ಜ್ವಾಳದ ಚೀಲ ಎರಡು, ಅವರಾಯಿ ಕಬ್ಬಿಣದ ಪೇಟಿ,
ಕೆಟ್ಟು ಕುಂತ ಕೂಲರ್ ಒಂದು.
ಎಲ್ಲಾ ಕಳದರ ಉಳಿಯೂದು ಒಂದು ಹಾಸಿಗಿ,
ಮತ್ತ ಹಾಸಿಗಿ ಸುತ್ತ ಒಬ್ಬರು ಹಾಯೂವಷ್ಟು ಜಾಗ.

ನೋಟ್‌ಬುಕ್ಕಿನ ಕಡೀ ಪಾನದಾಗ ಲಿಸ್ಟು.
ಮೆಹಂದಿ ಹಾಕಿ ಗಳಿಸಿದ್ದು ಎಂಟುನೂರಾ ನಲವತ್ತು.
ಅದರ ಕೆಳಗ "ಅಪ್ಪ" ಅಂತ ಬರದು
ಮುಂದ ಖಾಲಿ ಬಿಟ್ಟಾಳ.

ಗೋಡಿಗೆ ತಿಳಿ ನೇರಳಿ ಬಣ್ಣ. ಸಣ್ಣ ದೀಪದ ಸರ.
ಫೋಟೋ ಹಾಕಲಾಕ ಮೊಳಿ, ಹನ್ನೆರಡು.
ಮೊಳಿ ನೋಡಿ ನಗು ಬಂತು ನನಗ.
ಶಹಾಬಾದದಾಗ ಹುಟ್ಟಿ ಗೋಡಿಗೆ ಮೊಳಿ ಕೇಳತದ ಕೂಸು!
ಇಲ್ಲಿ ಗೋಡಿ ಅಂದರ ಪದರಿನ ಮ್ಯಾಲ ಪದರು ಕಲ್ಲು,
ಮ್ಯಾಲ ಹೊದಿಸಿದ್ದೂ ಕಲ್ಲು, ಕೆಳಗ ಹಾಸಿದ್ದೂ ಕಲ್ಲು.
ಬಡದರ ಮೊಳಿನೇ ಬಾಗತದ.
ಮೇ ತಿಂಗಳದಾಗ ನಡುರಾತ್ರಿ ಬೆನ್ನು ಹಚ್ಚಿ ನೋಡ್ರಿ,
ಆ ಗೋಡ್ಯಾಗ ಹಗಲು ಇನ್ನೂ ಮುಗಿದಿರೂದಿಲ್ಲ.

ಇಪ್ಪತ್ತೆರಡು ವರ್ಷ ಆತು ನಾ ಮಂದಿ ಮನಿಗೆ ಫರ್ಸಿ ಹಾಕೂದು.
ಕಲಬುರಗಿ ಬಂಗಲ್ಯಾಗ ಒಂದು ಹುಡುಗನ ಖೋಲಿಗೆ
ಮೂರು ಸಲ ಕಲ್ಲು ಕಿತ್ತು ಹಾಕೀನಿ, ಪರದೆಗೆ ಹೊಂದಲಿಲ್ಲಂತ.
ನನ್ನ ಮನ್ಯಾಗ, ಇದೇ ಖೋಲ್ಯಾಗ, ಮೂಲಿ ಫರ್ಸಿ ಒಂದು
ಕಾಲಿಟ್ಟರ ಇನ್ನೂ ಟಕ್ ಅಂತದ.
ಸರಿ ಮಾಡ್ತೀನಿ ಅಂದೆ. ಬ್ಯಾಡ ಅಂದ್ಳು,
ಯಾರರ ಒಳಗ ಬಂದರ ಗೊತ್ತಾಗತದ, ಇರಲಿ.

ಚೀಲ ನಮ್ಮ ಮಂಚದ ಕೆಳಗ ಬಂದವು.
ಕೂಲರ್ ಗುಜರಿಯವಗ, ನೂರಾ ಐವತ್ತಕ್ಕ.
ಪೇಟಿ ಮಾತ್ರ, "ನಾ ಸತ್ತ ಮ್ಯಾಲ ಸರಸ್ರಿ" ಅಂದ್ಳು ಆಯಿ.
ಹಂಗಾಗಿ ಪೇಟಿಗೇ ಕೌದಿ ಹೊಚ್ಚಿ ಟೇಬಲ್ ಮಾಡಿದ್ಳು ಮಿತ್ರಾ.
ಮರುದಿನ ಆಯಿ ಬಂದು, ತನ್ನ ಕೈಯ ಹೊಲಿಗಿ ಸವರಿ,
ಅದರ ಮ್ಯಾಲೇ ಕುಂತಳು, ಮಧ್ಯಾಹ್ನದ ತನ.

ಡಬ್ಬಿ ಬಣ್ಣದ ರೇಟು ಕೇಳಿ ತಿರುಗಿ ಬಂದಿವಿ.
ಸುಣ್ಣಕ್ಕ ನೀಲಿ, ನೀಲಿಗೆ ಒಂದಿಷ್ಟು ಗುಲಾಲು.
ನೇರಳಿ ಎಲ್ಲಿ ಬಂತು, ಒಣಗಿದ ಬದನಿಕಾಯಿ ಬಣ್ಣ ಬಂತು.
ಇದೇ ಛಂದ ಅದ ಅಂದ್ಳು, ಮೂಗು ವರಸಿಕೋತ.
ಕಿಡಕಿ ಸರಳಿನಿಂದ ಮ್ಯಾಲಿನ ಕೊಂಡಿಗೆ ದಾರ ಕಟ್ಟಿ
ಅರಿವಿ ಒಣಹಾಕೂ ಚಿಮಟಿಗಿಲೇ ಫೋಟೋ ತೂಗಿದಿವಿ:
ಸಾಲಿ ಖೋಖೋ ತಂಡ, ಪೇಪರಿನಾಗಿನ ಒಂದು ಸಮುದ್ರ,
ಗುಲಾಬಿ ಕೂದಲದ ಯಾವನೋ ಕೊರಿಯಾದ ಹುಡುಗ.
ಇವ ಯಾರ ಪೈಕಿ ಅಂತ ಆಯಿ ಕೇಳಿದಳು.

ಲಿಸ್ಟಿನ ಕಡೀಗೆ, ಬ್ಯಾರೆ ಪೆನ್ನಿಲೆ, ಸಣ್ಣದಾಗಿ:
ಚಿಲಕ ಒಂದು. ಒಳಗಿಂದ ಹಾಕೂದು.

ಆಯಿ ಎಲಿಅಡಿಕಿ ಮೆಲ್ಲೂದು ನಿಲ್ಲಿಸಿದಳು.
ಒಲಿ ಕಡೆ ರೊಟ್ಟಿ ಬಡಿಯೂ ಸಪ್ಪಳ ಜೋರಾತು.
ನಾನೂ ಕೇಳಿದೆ, ಕೇಳಬಾರದಿತ್ತೇನೋ,
ಒಳಗ ಹಾಕ್ಕೊಂಡು ಏನ್ ಮಾಡ್ತಿ?
"ಏನಿಲ್ಲ" ಅಂದ್ಳು.
"ಏನೂ ಮಾಡಲ್ಲ ಅಪ್ಪ. ಅದಕ್ಕೇ ಬೇಕು."

ಅಕಿ ವಯಸ್ಸಿನಾಗ ನನಗ ಒಂದು ಖಣಿ ಇತ್ತು,
ಕೆಲಸ ನಿಂತು ಹಸರು ನೀರು ತುಂಬಿದ್ದು.
ಸಂಜಿತನ ಕುಂತಿರತಿದ್ದೆ, ಹಳ್ಳು ಒಗಿಯೂದೂ ಇಲ್ಲ.
ಎಲ್ಲಿದ್ದಿ ಅಂತ ಒಬ್ಬರೂ ಕೇಳಲಿಲ್ಲ.

ಬಾಗಲಾ ಚೌಕಟ್ಟು ಸೈತ ಕಲ್ಲು ನಮ್ಮದು.
ಡ್ರಿಲ್ ಓಣಿಗೆಲ್ಲಾ ಕೇಳೂವಂಗ ಕಿರಚಿತು.
ಅಕಿ ಚಂಬಿನಿಂದ ಸಣ್ಣಗ ನೀರು ಬಿಟ್ಟಳು ತೂತಿಗೆ,
ಬೂದಿ ಬಣ್ಣದ ರಾಡಿ ನನ್ನ ಮೊಣಕೈತನ.
ನಲವತ್ತೈದು ರೂಪಾಯಿ ಚಿಲಕ. ಖಾಲಿ ಬಿಟ್ಟ ಜಾಗದಾಗ
ನಾ ಬರದದ್ದು ಅದೊಂದೇ.

ಊಟ ಆದ ಮ್ಯಾಲ ಅಕಿ ಹೋಗಿ ಹಾಕ್ಕೊಂಡ್ಳು.
ಆಗ ನೆನಪಾತು, ಟೇಪು ಒಳಗೇ ಉಳಿದದ,
ಮುಂಜಾನೆ ಆರಕ್ಕ ಕೆಲಸ.
ಬಾಗಲಾ ಮುಂದ ನಿಂತು ಕೈ ಎತ್ತಿದೆ.
ನನ್ನ ಮನ್ಯಾಗ ನಾ ಯಾವತ್ತೂ ಬಾಗಲಾ ಬಡದವಲ್ಲ,
ಹೆಂಗ ಬಡೀಬೇಕು, ಪೋಸ್ಟಿನವನಂಗೋ, ನೆಂಟನಂಗೋ
ಅನಕೋತ ನಿಂತೀನಿ,
ಒಳಗ ಮೂಲಿ ಫರ್ಸಿ ಟಕ್ ಅಂತು.