ಕೊನೆಯ ಮೂರು ಹೆಜ್ಜೆ

ಕಾಗದದಲ್ಲಿ ಅವಳಿಗೆ ತಂದೆಯ ಹೆಸರಿದೆ, ತಾತನದಿದೆ,
ಮುತ್ತಾತನ ಬೆಲೆ ಕೂಡ ಇದೆ.
ಲಾಯದಲ್ಲಿ ಮಾತ್ರ ಬರೀ ಸ್ಲೋ:
ವೆಕ್ಸ್‌ಫರ್ಡಿನ ಬೇಲಿ ಮುಳ್ಳುಗಳಲ್ಲಿ ಬಿಡುವ ಕಪ್ಪು ಹಣ್ಣು,
ಕಚ್ಚಿದರೆ ನಾಲಿಗೆ ಮುದುಡುವಷ್ಟು ಒಗರು.
ನಿಧಾನ ಎಂದೂ ಕೇಳಿಸುತ್ತದೆ ಕರೆದಾಗ.
ನಾಲ್ಕು ವರ್ಷದ ಈ ಹೆಣ್ಣುಕುದುರೆಗೆ
ಆ ಅರ್ಥ ಯಾರೂ ಹೇಳಿಕೊಟ್ಟಿಲ್ಲ.

ಮೊದಲ ತಿಂಗಳು ನೆಲದ ಮೇಲೊಂದು ಕೋಲು, ಅಷ್ಟೇ.
ಅರ್ಧ ಬಿಳಿ, ಅರ್ಧ ಕೆಂಪು, ಮಳೆಗೆ ಬಣ್ಣ ಸುಲಿದದ್ದು.
ಹಾವೇ ಇಲ್ಲದ ಈ ದೇಶದಲ್ಲಿ
ಸೋಮವಾರ ಅದನ್ನು ಹಾವೆಂದು ಬೆಚ್ಚಿದಳು.
ಮಂಗಳವಾರ ಮೂಸಿದಳು.
ಬುಧವಾರ ಅದರ ಮೇಲೇ ನಿಂತು ಲದ್ದಿ ಹಾಕಿದಳು.
ಪಾಠ ಮುಗಿಯಿತು ಎಂದೆ ನಾನು.

ಕ್ಲೀನಾಗೆ ಹತ್ತೊಂಬತ್ತು. ಜೀನಿನ ಮೇಲೆ ಕೂತರೆ
ಗಟ್ಟಿಯಾಗಿ ಎಣಿಸುತ್ತಾಳೆ: ನಾಲ್ಕು, ಮೂರು, ಎರಡು...
ಎಣಿಸಬೇಡ, ಕ್ಲೀನಾ.
ಎರಡು ಸಲ ಕೊರಳೆಲುಬು ಮುರಿದವಳು ನಾನು,
ಎರಡು ಸಲವೂ ಲೆಕ್ಕ ಸರಿಯಾಗಿಯೇ ಇತ್ತು.
ಅಡ್ಡಗೋಲಿನವರೆಗಿನ ದಾರಿ ನಿನ್ನದು, ವೇಗ ನಿನ್ನದು,
ಕೊನೆಯ ಮೂರು ಹೆಜ್ಜೆ ಮಾತ್ರ ಅವಳದು.
ಕಣ್ಣು ಅವಳದು, ನೆಲದ ಲೆಕ್ಕ ಅವಳದು,
ಆಗ ನೀನು ಬೆನ್ನ ಮೇಲಿನ ಭಾರ.
ಒಳ್ಳೆಯ ಭಾರವಾಗಿರು.

ಲಾಳ ಹೊಡೆಯಲು ಬಂದ ಫೆಲಿಮ್
ಗೊರಸನ್ನು ತೊಡೆಯ ನಡುವೆ ಹಿಡಿದು, ಬಾಯಲ್ಲಿ ಮೊಳೆ ಕಚ್ಚಿಕೊಂಡು,
'ಇದಕ್ಕೆ ಅವಸರವಿಲ್ಲ' ಎಂದ.
ಅವಸರವಿರುವುದು ಡಬ್ಲಿನ್ನಿನಲ್ಲಿ, ಹಲ್ಲು ಕೀಳುವ ಡಾಕ್ಟರಿಗೆ.
ದುಡ್ಡು ಅವರದು. ಭಾನುವಾರ ಭಾನುವಾರ ಫೋನು:
ಗೆಲ್ಲುವುದು ಯಾವಾಗ?

ಮೇ ತಿಂಗಳು. ಕಿಲ್‌ಡ್ರಮ್ ಬಯಲು. ಸೋನೆ.
ಬೆಳಿಗ್ಗೆ ನಡಿಗೆಯ ಪರೀಕ್ಷೆ.
ತೀರ್ಪುಗಾರ್ತಿ ಕಾರಿನೊಳಗೆ, ಗಾಜಿನ ಮೇಲೆ ವೈಪರು.
ಅದು ಬೀಸಿದಾಗಲೆಲ್ಲ ಸ್ಲೋ ಕಿವಿ ತಿರುಗಿಸಿದಳು.
'ಗಮನ ಬೇರೆಡೆ' ಎಂದು ಬರೆದು ಐದು ಅಂಕ ಕೊಟ್ಟಳು ಆಕೆ.
ಗಮನವೆಲ್ಲ ಆಕೆಯ ಮೇಲೇ ಇತ್ತು.

ಮಧ್ಯಾಹ್ನ ಅಂಗಳದ ಜಿಗಿತದಲ್ಲಿ ಒಂದೇ ಕೋಲು ಬಿತ್ತು.
ಬಿದ್ದ ಸದ್ದಿಗೆ ತಾನೇ ಹಿಂದಿರುಗಿ ನೋಡಿದಳು,
ಯಾರಪ್ಪಾ ಬೀಳಿಸಿದ್ದು ಎಂಬ ಹಾಗೆ.

ಆಮೇಲೆ ಬಯಲು. ಮರದ ದಿಮ್ಮಿ, ಹಳ್ಳ, ಬೇಲಿ,
ಎಂಟು ದಾಟಿದಳು, ಕಿವಿ ಮುಂದಕ್ಕೆ ಚಾಚಿ.
ಒಂಬತ್ತನೆಯದು ನೀರು.
ನಿಂತುಬಿಟ್ಟಳು.
ಮನೆಯ ಹಿಂದಿನ ತೊರೆ ಬಿಳಿ ಆಕಾಶ ಹಿಡಿಯುತ್ತದೆ,
ಈ ಕೊಳದಲ್ಲಿ ಕೊಡೆಗಳಿದ್ದವು, ಬಣ್ಣದ ಬಾವುಟವಿತ್ತು,
ತಲೆಕೆಳಗಾಗಿ ನಿಂತ ಒಂದಿಷ್ಟು ಜನ.

ಎರಡನೆಯ ಸಲ ಕ್ಲೀನಾ ಸುತ್ತಿ ಬಂದಳು.
ತುಟಿ ಮುಚ್ಚಿತ್ತು, ಎಣಿಸಲಿಲ್ಲ, ದೇವರಾಣೆ.
ಎಣಿಸಿದ್ದು ಹಗ್ಗದಾಚೆಯಿದ್ದ ನಾನು.
ಸ್ಲೋ ಮತ್ತೆ ನಿಂತಳು.
ಮೂರನೆಯದಕ್ಕೆ ನಿಯಮದಲ್ಲಿ ಜಾಗವಿತ್ತು,
ಹುಡುಗಿಯ ಬಳಿ ಚಾವಟಿಯೂ ಇತ್ತು.
ಅವಳು ಕೈಯೆತ್ತಿದಳು. ಸಾಕು, ಬಿಟ್ಟೆ ಎಂಬ ಸನ್ನೆ.
ಗಂಬೂಟಿನ ಮುದುಕ ಹಲಗೆಯ ಮೇಲಿನ ಹಾಳೆಗೆ ಗೀಟೆಳೆದ.

ಲಗಾಮು ಸಡಿಲಾಯಿತು.
ಆಗ, ಯಾರೂ ಕೇಳದೆ,
ಒಂದು ಗೊರಸು ನೀರಿಗಿಟ್ಟಳು.
ಇನ್ನೊಂದು.
ಮೊಣಕಾಲುದ್ದ ನಿಂತು ಮೂತಿ ಇಳಿಸಿ
ಕೊಡೆಗಳನ್ನು ಊದಿ ಕಲಕಿದಳು,
ಮುಂಗಾಲಿಂದ ಬಡಿಬಡಿದು
ಹುಡುಗಿಯ ಎದೆಯ ಮೇಲಿನ ಅಂಕಿ ಒದ್ದೆಯಾಗುವಷ್ಟು ಎರಚಿದಳು.
ಮುದುಕ ನಕ್ಕ. ಗೀಟು ಹಾಗೇ ಇತ್ತು.

ಲಾರಿಯಲ್ಲಿ ಕ್ಲೀನಾ ನಿದ್ದೆ, ಬಾಯಿ ತೆರೆದುಕೊಂಡು.
ಫೋನು ಗುಂಯ್‌ಗುಟ್ಟುತ್ತಿದೆ, ಭಾನುವಾರವಲ್ಲವೆ.
ಡಾಕ್ಟರಿಗೆ ಏನು ಹೇಳಲಿ?
ನೀರಿಗಿಳಿದಳು, ಸ್ವಾಮಿ, ಆಟ ಮುಗಿದ ಮೇಲೆ.
ಹಿಂದಿನ ಹಲಗೆಗೆ ಗೊರಸೊಂದು ಧಡ್ ಎನ್ನುತ್ತದೆ,
ಮತ್ತೆ ಧಡ್.
ಹುಲ್ಲಿನ ಬಲೆ ಖಾಲಿಯಾಗಿರಬೇಕು.