ಸೆಕೆಂಡಿಗೆ ಎರಡು

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನೆದುರು, ಬುರ್ಖಾ ಅಂಗಡಿಯ ಮೇಲೆ,
ಮೂರನೇ ಮಾಳಿಗೆಯ ತಣ್ಣನೆ ಕೋಣೆಯಲ್ಲಿ
ಅಕ್ಕಿ ಡಬ್ಬಿಯಷ್ಟೇ ದೊಡ್ಡದು ನಮ್ಮ ಸರ್ವರು.
ಅದರ ಹೊಟ್ಟೆಯಲ್ಲಿ ದಿನಕ್ಕೆ ನಲವತ್ತು ಸಾವಿರ ಹಲೋ.

ಗಿರಾಕಿಗಳು ನೂರ ಹನ್ನೆರಡು.
ಚೆರ್ಕಳದ ಕಣ್ಣಾಸ್ಪತ್ರೆ, ಉಪ್ಪಳದ ಟ್ರಾವೆಲ್ಸು,
ಡಯಾಲಿಸಿಸ್ ಕೇಂದ್ರ, ಕಡಪ್ಪುರದ ಮೀನುಗಾರರ ಸೊಸೈಟಿ,
ಮತ್ತೆ ಆ ಚಿನ್ನದ ಚಿಟ್ಟಿ ಕಂಪೆನಿ.

ಒಂದು ಬುಧವಾರ ಹನ್ನೊಂದಕ್ಕೆ ಚಿಟ್ಟಿಯವರ ಯಂತ್ರ
ಸೆಕೆಂಡಿಗೆ ಮುನ್ನೂರರಂತೆ ಊರನ್ನೆಲ್ಲ ಕರೆಯಿತು.
ಯಾರೂ ಎತ್ತಲಿಲ್ಲ. ಎತ್ತಿದವರು ಬೈದರು.
ಬೇರೆ ಯಾರ ಸ್ವರಕ್ಕೂ ಒಳಗೆ ಜಾಗವಿರಲಿಲ್ಲ.
ಡಯಾಲಿಸಿಸಿನ ಸೆಲಿನ್ ಸಿಸ್ಟರು ಅರ್ಧ ಗಂಟೆ ಒತ್ತಿ ಒತ್ತಿ
ಕೊನೆಗೆ ರೋಗಿಯ ಮನೆಗೆ ಆಟೋ ಕಳಿಸಿದರಂತೆ.

ಸೂಪಿಚ್ಚ ಕನ್ನಡಕ ತೆಗೆದರು:
ಜಲಜಾಕ್ಷೀ, ಎಲ್ಲರಿಗೂ ಒಂದು ಅಳತೆ ಹಾಕು.

ಅಳತೆ ನನಗೆ ಗೊತ್ತು.
ಬಾಯಾರಿನ ಗುಡ್ಡದಲ್ಲಿ ನಾಲ್ಕು ಮನೆಗೆ ಒಂದೇ ಸುರಂಗ,
ಐತಣ್ಣ ಮೊಣಕಾಲೂರಿ ಕೊರೆದದ್ದು.
ಮುಂದೆ ಒಂದು ಮೇಣದ ಬತ್ತಿ. ಬತ್ತಿ ನಂದಿದರೆ ಹಿಂದೆ ಬಾ,
ಅವನ ವಿಜ್ಞಾನ ಅಷ್ಟೇ.
ನೀರು ನೂಲಿನಷ್ಟು. ಬಾಯಿಯಲ್ಲಿ ಒಂದು ಮಣ್ಣಿನ ಗುಂಡಿ.
ರಾತ್ರಿ ತುಂಬಿದ್ದನ್ನು ಬೆಳಿಗ್ಗೆ ಒಮ್ಮೆಲೇ ಎತ್ತಬಹುದು,
ಆಮೇಲೆ ನೂಲು ಕೊಟ್ಟಷ್ಟೇ.
ಕೊಡಪಾನ ಎಷ್ಟು ಬಡಿದರೂ
ಗುಡ್ಡ ಬೇಗ ಬೆವರುವುದಿಲ್ಲ.

ಅದನ್ನೇ ಬರೆದೆ, ಹನ್ನೊಂದು ಸಾಲು.
ಪ್ರತಿ ಗಿರಾಕಿಗೂ ಒಂದು ಗುಂಡಿ. ಸೆಕೆಂಡಿಗೆ ಎರಡು ಬಿಲ್ಲೆ
ತೊಟ್ಟಿಕ್ಕುತ್ತವೆ ಒಳಗೆ. ಇಪ್ಪತ್ತು ತುಂಬಿದರೆ ಸಾಕು, ಹೆಚ್ಚಿನದು ಚೆಲ್ಲುತ್ತದೆ.
ಬಿಲ್ಲೆ ಇದ್ದರೆ ಕರೆ.
ಇಲ್ಲದಿದ್ದರೆ ಐನೂರ ಮೂರು:
ಈಗಿಲ್ಲ, ಆಮೇಲೆ ಬಾ ಎಂದು ಅದರ ಅರ್ಥ.
ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ,
ಕೀಂ ಕೀಂ ಎನ್ನುತ್ತದೆ.

ಚಿಟ್ಟಿಯ ಮ್ಯಾನೇಜರಿಗೆ ಸಿಟ್ಟು ನೆತ್ತಿಗೇರಿತು.
ಆದರೆ ದೂರು ಹೇಳುವ ಕರೆಯೂ
ಅದೇ ಗುಂಡಿಯಿಂದ ಬರಬೇಕಲ್ಲ.
ಕಾರು ಹತ್ತಿ ಬಂದರು.
ಸೂಪಿಚ್ಚ ನಿಂಬೆ ಶರಬತ್ತು ತರಿಸಿದರು.

ಎರಡು ವಾರ ನಾನು ನನ್ನ ಬೆನ್ನನ್ನೇ ತಟ್ಟಿಕೊಂಡೆ.

ತುಲಾ ತಿಂಗಳ ಒಂದು ರಾತ್ರಿ, ಎರಡೂ ಹತ್ತಕ್ಕೆ,
ಪರದೆಯ ಮೇಲೆ ಕೆಂಪು ಸಾಲು, ಅದರ ಕೆಳಗೆ ಕೆಂಪು ಸಾಲು.
ಐನೂರ ಮೂರು. ಐನೂರ ಮೂರು. ಐನೂರ ಮೂರು.
ಮತ್ತೆ ಚಿಟ್ಟಿಯವರೇ ಎಂದು ಚಹಾ ಮುಗಿಸಿದೆ.
ಆಮೇಲೆ ಗಿರಾಕಿಯ ಸಂಖ್ಯೆ ನೋಡಿದೆ. ಅರವತ್ತೇಳು.
ಕಡಪ್ಪುರ.

ಗಾಳಿಯ ಸುದ್ದಿ ಬಂದರೆ ಸೊಸೈಟಿಯ ಭಾರ್ಗವಿ
ಒಂದೇ ಗುಂಡಿ ಒತ್ತುತ್ತಾಳೆ,
ನೂರ ಅರವತ್ತೆಂಟು ದೋಣಿಗೆ ಒಟ್ಟಿಗೆ ಕರೆ.
ಇಪ್ಪತ್ತು ಹೋದವು. ಉಳಿದ ನೂರ ನಲವತ್ತೆಂಟಕ್ಕೆ
ನನ್ನ ಹನ್ನೊಂದು ಸಾಲು ಕೀಂ ಕೀಂ ಎಂದಿತ್ತು,
ಅಚ್ಚುಕಟ್ಟಾಗಿ, ಯಾರ ಮುಖವನ್ನೂ ನೋಡದೆ.

ಇಪ್ಪತ್ತರ ಪಕ್ಕ ಒಂದು ಸೊನ್ನೆ ಇಡಲು
ಕೈ ನಡುಗಿ ಎರಡು ಸಲ ತಪ್ಪಿತು.
ನನ್ನ ಮೊಬೈಲಿನಿಂದ ಅವಳಿಗೆ ಹೇಳಿದೆ: ಇನ್ನೊಮ್ಮೆ ಒತ್ತು.
ಏನಾಯ್ತು ಎಂದಳು. ಒತ್ತು ಎಂದೆ.
ಅವಳ ಮಲಯಾಳದಲ್ಲಿ ಕರ ಎಂದರೆ ದಡ.
ಆರು ನಿಮಿಷ ದಡವಿರಲಿಲ್ಲ.

ದೋಣಿಗಳೆಲ್ಲ ಬಂದವು.
ಪವಿತ್ರನ್‌ನ ಬಲೆ ಬರಲಿಲ್ಲ, ಕೊಯ್ದು ಬಿಟ್ಟನಂತೆ.
ಆರು ನಿಮಿಷ ಮೊದಲಾದರೆ ಎಳೆಯಬಹುದಿತ್ತೇ?
ಕೇಳಲಿಲ್ಲ ನಾನು.

ತಿಂಗಳ ಕೊನೆಗೆ ಭಾರ್ಗವಿಯ ಫೋನು:
ಇಪ್ಪತ್ತು ಕರೆಗೆ ಎರಡೆರಡು ಸಲ ದುಡ್ಡು ಹಾಕಿದ್ದೀರಿ.
ಎರಡು ಸಲವೂ ಎತ್ತಿದರಲ್ಲ ಎಂದೆ.
ಎತ್ತದೆ ಮತ್ತೆ? ಎಂದಳು.
ಬಿಲ್ಲು ತಿದ್ದಿದೆ.

ಚಿಟ್ಟಿಯವರು ಎಂಟು ಪಟ್ಟು ಕೊಡುತ್ತಾರೆ,
ಅವರಿಗೆ ಇಪ್ಪತ್ತು, ಮೀನಿನವರಿಗೆ ಇನ್ನೂರಾ,
ಸೂಪಿಚ್ಚ ಕೇಳಿದರು, ಬೈಯುವ ದನಿಯಲ್ಲೇನಲ್ಲ.
ಕಂಪ್ಯೂಟರು ಓದದೆ ದಾಟಿಹೋಗುವ ಹನ್ನೆರಡನೇ ಸಾಲೊಂದನ್ನು
ಆ ರಾತ್ರಿಯೇ ಸೇರಿಸಿದ್ದೆ. ಪರದೆ ಅವರ ಕಡೆ ತಿರುಗಿಸಿದೆ.

ಅರವತ್ತೇಳು: ಇನ್ನೂರು. ಕಾರಣ: ಗಾಳಿ.